ಪೊರಕೆ ಗಾಡಿಯ ಎರಡನೇ ಸೀಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನ ತಗಡಿನ ಬಾಗಿಲು ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ನಿಂತ ಹಳೇ ಲಾರಿಯಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿವೆ. ಆ ಕಾಲುಗಳ ಒಡೆಯರು ಲಾರಿಯೊಳಗೆ ಬೋರಲು ಮಲಗಿ, ತುಕ್ಕು ಹಿಡಿದ ಬೋಲ್ಟೊಂದನ್ನು ಪುಸಲಾಯಿಸುತ್ತಿದ್ದಾರೆ. "ಬಾರೋ ಮಹಾರಾಯ, ಎಷ್ಟು ವರ್ಷ ಅಂತ ಹಿಂಗೇ ಕಚ್ಕೊಂಡು ಕೂರ್ತೀಯಾ? ನಿಂಗೂ ವಯಸ್ಸಾಯ್ತು, ನಂಗೂ ಆಯ್ತು." ಬೋಲ್ಟು ಜಗ್ಗುವುದಿಲ್ಲ. ಇನ್ನಷ್ಟು ಸೀಮೆಎಣ್ಣೆ ಹನಿಸಿ, ಸ್ಪ್ಯಾನರನ್ನು ಪಕ್ಕಕ್ಕಿಟ್ಟು ಕಾಯುತ್ತಾರೆ. ಅವಸರ ಮಾಡಿದರೆ ಬೋಲ್ಟಿನ ತಲೆ ಮುರಿಯುತ್ತದೆ, ಆಮೇಲೆ ಡ್ರಿಲ್ ಹಿಡಿದು ಕೂರಬೇಕು.

ಬೋಲ್ಟು ಕಚ್ಚಿಕೊಂಡಿರುವುದು ಒಂದು ಕಬ್ಬಿಣದ ಪೆಟ್ಟಿಗೆಯನ್ನು. ಚಾಲಕರ ಪಕ್ಕದಲ್ಲಿ, ಇನ್ನೊಂದು ಸೀಟು ಇರಬೇಕಾದ ಜಾಗದಲ್ಲಿ, ಮೂವತ್ತು ವರ್ಷದಿಂದ ಈ ಪೆಟ್ಟಿಗೆ ಕೂತಿದೆ. ಫ್ಯಾನ್ ಬೆಲ್ಟು, ಪ್ಲಗ್ಗು, ರಬ್ಬರ್ ಪೈಪು, ತಂತಿ, ಯಾವ ಕಾರಿನದೆಂದು ಈಗ ಯಾರಿಗೂ ಗೊತ್ತಿಲ್ಲದ ಒಂದು ಹಿಡಿ ನಟ್ಟುಗಳು, ಎಲ್ಲ ಅದರೊಳಗೆ. ಇವತ್ತು ಪೆಟ್ಟಿಗೆ ಕೆಳಗಿಳಿಯಬೇಕು, ಸೀಟು ತನ್ನ ಜಾಗಕ್ಕೆ ವಾಪಸು ಬರಬೇಕು. ಸುಲಭದ ಮಾತಲ್ಲ, ಆದರೆ ಇವರು ಹಟ ಹಿಡಿದಿದ್ದಾರೆ.

ಹಳೇ ಕಾರುಗಳ ರ‍್ಯಾಲಿ ನೋಡಲು ಹೋದವರಿಗೆ ಇವರನ್ನು ಕಂಡ ನೆನಪಿರುವುದಿಲ್ಲ. ಹೇಗಿರುತ್ತದೆ ಹೇಳಿ? ಯಜಮಾನರಿಗಿಂತ ವಯಸ್ಸಾದ ಕಾರುಗಳು ಮದುಮಕ್ಕಳ ಹಾಗೆ ಸಿಂಗರಿಸಿಕೊಂಡು ಸಾಲಾಗಿ ಹೊರಡುವಾಗ ಕ್ಯಾಮೆರಾಗಳೆಲ್ಲ ಅವುಗಳ ಸುತ್ತಲೇ. ಕೊನೆಯ ಕಾರು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ಜನ ಬೆನ್ನು ತಿರುಗಿಸಿ ಟೀ ಹುಡುಕಿಕೊಂಡು ಹೋಗುತ್ತಾರೆ. ಬಣ್ಣ ಮಾಸಿದ ಈ ಲಾರಿ ಹೊರಡುವುದು ಆಗ. ದಾರಿಯಲ್ಲಿ ಕೈಕೊಟ್ಟ ಕಾರುಗಳನ್ನು ಎಬ್ಬಿಸುವುದು, ಏನು ಮಾಡಿದರೂ ಏಳದವನ್ನು ಎಳೆದು ತರುವುದು ಇದರ ಕೆಲಸ. ಹಿಂದೆ ಬಿದ್ದವರನ್ನೆಲ್ಲ ಗುಡಿಸಿಕೊಂಡು ಬರುವ ಗಾಡಿ, ಹಾಗಾಗಿ ಪೊರಕೆ ಗಾಡಿ. ಓಡಿಸುವವರ ಹೆಸರೂ ಪೊರಕೆ ಎಂದೇ ನಿಂತುಹೋಗಿದೆ.

"ಮೊದಮೊದಲು ಮೈಯೆಲ್ಲ ಉರೀತಿತ್ತು. ಪೊರಕೆ ಅಂದ್ರೆ ಬಾಗಿಲ ಹಿಂದೆ ನಿಲ್ಲಿಸೋದಲ್ವಾ?" ಎಂದು ಲಾರಿಯೊಳಗಿನಿಂದಲೇ ಹೇಳುತ್ತಾರೆ. "ಆಮೇಲೆ ಯೋಚ್ನೆ ಮಾಡ್ದೆ. ಮನೇಲಿ ಪೊರಕೆ ಒಂದು ದಿನ ಸಿಗದೇ ಇರ್ಲಿ, ಆಗ ನೋಡಿ ಎಲ್ಲರೂ ಹೆಂಗೆ ಹುಡುಕ್ತಾರೆ ಅಂತ."

ಈ ಕಸುಬಿಗೆ ಬಂದಾಗ ಅವರಿಗೆ ಮೀಸೆ ಮೂಡಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ಎಂಜಿನ್ನಿನ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಡುವ ಕೆಲಸ. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ತೊಳೆದ ಭಾಗ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ಕಲಿತರು. ಜಾಕು ಜಾರಿದ ದಿನ ಎಡಗೈಯ ಉಂಗುರ ಬೆರಳು ಅರ್ಧ ಹೋಯಿತು. ಬಗ್ಗಿ ಬಗ್ಗಿ ಸೊಂಟ ಹೋಗಿದೆ, ಬೆಳಿಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕು. ಸ್ವಂತ ಶೆಡ್ಡು ಹಾಕಿದ ಮೇಲೂ ದಿನಗಳೆಲ್ಲ ಒಂದೇ ರೀತಿ. ಬೆಳಿಗ್ಗೆ ಯಾರದೋ ಸ್ಕೂಟರು, ಮಧ್ಯಾಹ್ನ ಯಾರದೋ ಟೆಂಪೋ, ನಡುವೆ ಬಿಡುವು ಸಿಕ್ಕರೆ ಹಳೇ ಕಾರು. ವರ್ಷಕ್ಕೊಮ್ಮೆ ಬರುವ ರ‍್ಯಾಲಿಯ ದಿನ ಮಾತ್ರ ಶೆಡ್ಡಿಗೆ ರಜೆ.

ಈ ರ‍್ಯಾಲಿ ಅಡ್ಡಾದಿಡ್ಡಿ ಓಡಿಸುವ ಪಂದ್ಯವಲ್ಲ. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಜು ಹಾಕಿಕೊಂಡು ಸಮಯಪಾಲಕರು ಕೂತಿರುತ್ತಾರೆ. ಪ್ರತಿ ಕಾರೂ ತನಗೆ ಹೇಳಿದ ನಿಮಿಷಕ್ಕೆ ಸರಿಯಾಗಿ ಪ್ರತಿ ಮೇಜಿಗೂ ಬಂದು ಕಾರ್ಡಿಗೆ ಮುದ್ರೆ ಒತ್ತಿಸಿಕೊಳ್ಳಬೇಕು. ತಡವಾದರೂ ಅಂಕ ಹೋಗುತ್ತದೆ, ಬೇಗ ಬಂದರೂ ಹೋಗುತ್ತದೆ, ಆದರೆ ಮೇಜು ಮುಚ್ಚುವುದರೊಳಗೆ ಬಂದರೆ ಮುದ್ರೆಯಂತೂ ಸಿಗುತ್ತದೆ. ಎಲ್ಲ ಮುದ್ರೆಗಳೊಂದಿಗೆ ಕೊನೆ ಮುಟ್ಟಿದ ಕಾರಿಗೆ ಒಂದು ಪುಟ್ಟ ಬಿಲ್ಲೆ ಸಿಗುತ್ತದೆ, ನೀಲಿ ಬಣ್ಣದ್ದು, ಅಂಗೈಗಿಂತ ಚಿಕ್ಕದು. ಅದನ್ನು ಕಾರಿನ ಮುಂದೆ ಜಡಿದುಕೊಂಡವರ ನಡಿಗೆಯೇ ಬೇರೆ! ಎಲ್ಲರಿಗಿಂತ ಹಿಂದೆ ಬರುವ ಪೊರಕೆ ಗಾಡಿಯೂ ಅದೇ ದಾರಿಯನ್ನು ಪೂರ್ತಿ ಸವೆಸುತ್ತದೆ. ಆದರೆ ಪೊರಕೆಗೆ ಯಾರು ಬಿಲ್ಲೆ ಕೊಡುತ್ತಾರೆ?

ಪೊರಕೆ ಗಾಡಿ ಪ್ರತಿ ಮೇಜಿನ ಹತ್ತಿರ ಬರುವಾಗ ಅವರದೊಂದು ಅಭ್ಯಾಸವಿತ್ತು. ಕಿಟಕಿಯಿಂದ ಕೈ ಹೊರಗೆ ಹಾಕಿ, ಕೈ ಒರೆಸುವ ಹಳದಿ ಬಟ್ಟೆಯನ್ನು ಬೀಸುವುದು. ಹಿಂದೆ ಇನ್ನು ಯಾರೂ ಇಲ್ಲ, ಗಂಟುಮೂಟೆ ಕಟ್ಟಿ ಎಂದು ಅದರ ಅರ್ಥ. ಬಟ್ಟೆ ಕಂಡದ್ದೇ ತಡ, ಮೇಜಿನವರು ಗಡಿಯಾರ ನಿಲ್ಲಿಸಿ, ಮುದ್ರೆ ಇಡುವ ಪೆಟ್ಟಿಗೆಗೆ ಮೊಹರು ಹಾಕಿ, ಕುರ್ಚಿ ಮಡಚುತ್ತಾರೆ. "ನಾನು ಬಟ್ಟೆ ಬೀಸಿದ್ರೆ ಅವ್ರಿಗೆ ಶಾಲೆ ಬಿಟ್ಟ ಗಂಟೆ ಹೊಡ್ದಂಗೆ" ಎನ್ನುತ್ತಾರೆ. ಈ ಹಳದಿ ಬಟ್ಟೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಆದ ಅನಾಹುತವೆಲ್ಲ ಅದರಿಂದಲೇ.

ಶೆಡ್ಡಿನ ಮುಂಭಾಗದಲ್ಲಿ, ಬೀದಿಯ ಬೆಳಕು ಬೀಳುವ ಕಡೆ, ಅವರ ಹೆಂಡತಿಯ ಹೊಲಿಗೆ ಯಂತ್ರವಿದೆ. ಕಾರಿನ ಸೀಟು ಹೊಲಿಯುವುದು ಆಕೆಯ ಕಸುಬು, ಬೀದಿಗೆಲ್ಲ ಆಕೆ ಅಕ್ಕ. ಗಂಡ ಮೆತ್ತಗೆ ಮಾತಾಡಿದರೆ ಅಕ್ಕ ಖಡಾಖಂಡಿತ. ಮೂವತ್ತು ವರ್ಷದಲ್ಲಿ ಆಕೆ ಒಂದು ಸಲವೂ ರ‍್ಯಾಲಿ ನೋಡಿರಲಿಲ್ಲ. "ಎಲ್ಲಿ ಕೂತು ಹೋಗ್ಲಿ? ಆ ಪೆಟ್ಟಿಗೆ ಮೇಲಾ?" ಎಂದು ಕೇಳುತ್ತಾರೆ. "ಬೆಳಿಗ್ಗೆ ಇವ್ರನ್ನ ಕಳಿಸಿದೀನಿ, ಸಂಜೆ ಇವ್ರ ಬಟ್ಟೆ ಒಗ್ದಿದೀನಿ. ನಡುವೆ ಏನಾಗುತ್ತೆ ಅಂತ ಇವ್ರು ಹೇಳಿದಷ್ಟೇ ಗೊತ್ತು. ಇವ್ರು ಹೇಳೋದು ಎಷ್ಟು, ಬರೀ ಫ್ಯಾನ್ ಬೆಲ್ಟ್ ಹೋಯ್ತು, ಫ್ಯಾನ್ ಬೆಲ್ಟ್ ಹಾಕ್ದೆ!"

ಹೋದ ವರ್ಷ ಅಕ್ಕ ಹೊಲಿದ ಸೀಟೊಂದರ ಹೊಲಿಗೆ ಸೊಟ್ಟಗೆ ಹೋಯಿತು. ಗಂಡ ನೋಡಿದರು. ಮುಂದಿನ ವಾರ ಇನ್ನೊಂದು. ಮಗಳು ಬಂದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಣ್ಣಿನ ನಡುಭಾಗ ಮಸುಕಾಗುತ್ತ ಹೋಗುವ ಕಾಯಿಲೆ. ಸುತ್ತಲಿನದು ಕಾಣುತ್ತದೆ, ನೇರಕ್ಕಿರುವುದು ಕಾಣುವುದಿಲ್ಲ. ಔಷಧಿಯಿಂದ ಸ್ವಲ್ಪ ನಿಧಾನ ಮಾಡಬಹುದು, ಆದರೆ ಓದುವುದು ಬೇಗ ಹೋಗುತ್ತದೆ, ಬಹುಶಃ ವರ್ಷದೊಳಗೇ ಎಂದರು ಡಾಕ್ಟರು. ಅಕ್ಕ ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಬಡಿಸುತ್ತ ಕೇಳಿದ್ದು ಒಂದೇ ಮಾತು. "ನಮ್ಮ ಗಾಡಿ ಯಾವಾಗ ರೆಡಿಯಾಗುತ್ತೆ?"

ಅವರ ಗಾಡಿ ಎಂದರೆ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನಡಿ ಇದ್ದ ಬೂದು ಬಣ್ಣದ ಹಳೇ ಕಾರು. ರಿಪೇರಿಗೆಂದು ಬಿಟ್ಟುಹೋದ ಯಜಮಾನರು ತೀರಿಕೊಂಡಿದ್ದರು. ನೀವೇ ಇಟ್ಟುಕೊಳ್ಳಿ, ಮನೆಯಲ್ಲಿ ಅದನ್ನು ನೋಡಿದರೆ ಸಂಕಟವಾಗುತ್ತದೆ ಎಂದಿದ್ದರು ಮನೆಯವರು. ಬೇರೆಯವರ ಕಾರುಗಳ ಕೆಲಸದ ನಡುವೆ ಪೊರಕೆಯವರು ಅದಕ್ಕೆ ಒಂದೊಂದೇ ಅಂಗ ಕೂರಿಸುತ್ತ ಬಂದಿದ್ದರು. ಕೊಳೆತುಹೋದ ನೆಲಕ್ಕೆ ಹೊಸ ತಗಡು, ಬೇರೆಲ್ಲೋ ಸಿಕ್ಕಿದ ಗೇರುಪೆಟ್ಟಿಗೆ, ಕೈಯಲ್ಲೇ ತಟ್ಟಿ ಸರಿಮಾಡಿದ ಮಡ್ಗಾರ್ಡು. ಸೀಟುಗಳನ್ನು ಅಕ್ಕ ಕಣ್ಣು ಚೆನ್ನಾಗಿದ್ದ ಕಾಲದಲ್ಲೇ ಹೊಲಿದಿಟ್ಟಿದ್ದರು. ಮುಂದಿನ ವರ್ಷ ನಾವೂ ರ‍್ಯಾಲಿಗೆ ಹೋಗೋಣ ಎಂದು ಗಂಡ ಪ್ರತಿ ವರ್ಷ ಹೇಳುತ್ತಿದ್ದರು.

"ಮುಂದಿನ ವರ್ಷ, ಮುಂದಿನ ವರ್ಷ ಅಂತೀರಲ್ಲ" ಎಂದರಂತೆ ಅಕ್ಕ. "ಮುಂದಿನ ವರ್ಷ ನಂಗೆ ಅಕ್ಷರ ಕಾಣಲ್ಲ ರೀ. ಈ ವರ್ಷ ಪಕ್ಕದಲ್ಲಿ ಕೂತು ನಿಮಗೆ ದಾರಿ ಹೇಳ್ತೀನಿ. ಆ ಬಿಲ್ಲೇನ ನನ್ನ ಕಣ್ಣಲ್ಲಿ ನೋಡ್ತೀನಿ. ಒಂದೇ ಒಂದು ಸಲ."

ಇದನ್ನು ಹೇಳುವಾಗ ಪೊರಕೆಯವರು ಸ್ಪ್ಯಾನರನ್ನು ಒರೆಸುತ್ತಲೇ ಇರುತ್ತಾರೆ. "ಅವತ್ತೇ ರಾತ್ರಿ ಟಾರ್ಪಾಲು ತೆಗ್ದೆ, ರ‍್ಯಾಲಿ ಹೊತ್ತಿಗೆ ಗಾಡಿ ಮುಗಿಸ್ದೆ" ಎನ್ನುತ್ತಾರೆ.

ರ‍್ಯಾಲಿಯ ಪೊರಕೆ ಕೆಲಸವನ್ನು ಆ ವರ್ಷದ ಮಟ್ಟಿಗೆ ಪಕ್ಕದ ಶೆಡ್ಡಿನ ವೆಲ್ಡರಿಗೆ ಒಪ್ಪಿಸಿದರು. ಲಾರಿಯೂ ಅವನ ಕೈಗೆ. ತಿರುವುಗಳನ್ನೆಲ್ಲ ಬರೆದು ರ‍್ಯಾಲಿ ಸಂಘದವರು ಕೊಡುವ ದಾರಿಯ ಪುಸ್ತಕದ ಅಕ್ಷರ ಅಕ್ಕನಿಗೆ ಸಣ್ಣದಾಯಿತು. ಹಳೇ ಕ್ಯಾಲೆಂಡರುಗಳ ಹಿಂಬದಿಯಲ್ಲಿ ದಪ್ಪ ಪೆನ್ನಿನಿಂದ, ಒಂದು ಹಾಳೆಗೆ ಎರಡೇ ತಿರುವಿನಂತೆ, ಎಲ್ಲವನ್ನೂ ಬರೆದುಕೊಂಡರು. ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು, ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ಓದುವುದನ್ನು ಅಭ್ಯಾಸ ಮಾಡಿದರು.

ರ‍್ಯಾಲಿಯ ಬೆಳಿಗ್ಗೆ ಬೂದು ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಊರು ದಾಟಿತು, ಹೊಳೆಯ ಪಕ್ಕದ ರಸ್ತೆ ಹಿಡಿಯಿತು. ಮೊದಲ ಮೇಜಿನಲ್ಲಿ ಮುದ್ರೆ ಬಿತ್ತು, ಎರಡನೆಯದರಲ್ಲೂ ಬಿತ್ತು. "ರೀ, ನಿಧಾನ, ಬೇಗ ಹೋಗ್ತಿದೀವಿ. ಗಿರಣಿ ಬರುತ್ತೆ ನೋಡಿ, ಅಲ್ಲಿ ಎಡಕ್ಕೆ" ಎಂದು ಅಕ್ಕ ಹೇಳುತ್ತಿದ್ದರೆ ಗಿರಣಿ ಹೇಳಿದಂತೆಯೇ ಬಂದು ನಿಲ್ಲುತ್ತಿತ್ತು. ಅಕ್ಕ ಚಿಕ್ಕ ಹುಡುಗಿಯ ಹಾಗೆ ನಕ್ಕರಂತೆ. "ಇಷ್ಟು ಚೆನ್ನಾಗಿರುತ್ತೇನ್ರೀ ನಿಮ್ಮ ಕೆಲಸ?" ಎಂದು ಕೇಳಿದರು. "ಮುಂದೆ ಹೋಗೋರಿಗೆ ಚೆನ್ನಾಗಿರುತ್ತೆ. ಹಿಂದೆ ಬರೋರಿಗೆ ಧೂಳು" ಎಂದರು ಗಂಡ.

ಬಿಸಿಲೇರಿದ ಹೊತ್ತಿಗೆ ಏರುದಾರಿ ಬಂತು. ಒಂದು ತಿರುವಿನಲ್ಲಿ ಕೆಂಪು ಕಾರೊಂದು ಬಾನೆಟ್ ತೆರೆದು ನಿಂತಿತ್ತು, ಪಕ್ಕದಲ್ಲಿ ಮುಖ ಸಪ್ಪೆ ಮಾಡಿಕೊಂಡ ತಂದೆ ಮತ್ತು ಮಗಳು. ಪೊರಕೆಯವರ ಕಾಲು ತಾನೇ ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ಹಿಂದೆ ವೆಲ್ಡರ್ ಬರ್ತಿದಾನೆ ಕಣ್ರೀ. ಇವತ್ತು ಪೊರಕೆ ನಾವಲ್ಲ" ಎಂದರು ಅಕ್ಕ.

"ಎರಡೇ ನಿಮಿಷ ಕಣೇ" ಎನ್ನುತ್ತ ಇವರು ಇಳಿದೇ ಬಿಟ್ಟಿದ್ದರು. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಎಂಜಿನ್ನಿಗೆ ತಲುಪುತ್ತಿರಲಿಲ್ಲ. ಹಳೇ ಕಾರುಗಳ ಹಳೇ ರೋಗ. ಜೇಬಿನ ಹಳದಿ ಬಟ್ಟೆಯನ್ನು ಅಕ್ಕನ ಬಾಟಲಿಯ ನೀರಿನಲ್ಲಿ ನೆನೆಸಿ ಪೈಪಿಗೆ ಸುತ್ತಿದರು, ಪಂಪಿನ ಮೇಲೂ ನೀರು ಹನಿಸಿದರು. ಸ್ವಲ್ಪ ಹೊತ್ತಿಗೆ ಕೆಂಪು ಕಾರು ಕೆಮ್ಮಿ ಎದ್ದಿತು. ಅಪ್ಪ ಮಗಳು ಕೈ ಮುಗಿಯುವಷ್ಟರಲ್ಲಿ ಇವರು ತಮ್ಮ ಬಟ್ಟೆ ತೆಗೆದುಕೊಂಡು, ಕಾರು ಹತ್ತಿ ಹೊರಟಾಗಿತ್ತು. ತಡವೇನೋ ಆಗಿತ್ತು, ಆದರೆ ಕೈಮೀರಿರಲಿಲ್ಲ. ಮುಂದಿನ ಮೇಜು ಹತ್ತಿರದಲ್ಲೇ ಇತ್ತು, ಸೇತುವೆಯ ಆಚೆ.

ಆಮೇಲೆ ಆದದ್ದನ್ನು ಅವರೇ ಹೇಳಬೇಕು. "ಕೆಟ್ಟು ನಿಂತ ಗಾಡಿ ಎಬ್ಬಿಸಿದೀನಿ. ಕೈ ಒದ್ದೆ, ಕೈಯಲ್ಲಿ ಬಟ್ಟೆ. ಎದುರಿಗೆ ಮೇಜು ಕಾಣಿಸ್ತು. ಮೂವತ್ತು ವರ್ಷದಿಂದ ಇದೇ ನೋಡಿ, ಎಬ್ಬಿಸೋದು, ಹೊರಡೋದು, ಬೀಸೋದು. ಕೈ ಹೊರಗೆ ಹಾಕಿ ಬೀಸ್ಬಿಟ್ಟೆ. ಬೀಸಿದ್ದು ನಂಗೇ ಗೊತ್ತಾಗ್ಲಿಲ್ಲ."

ಮೇಜಿನಲ್ಲಿ ಕೂತಿದ್ದವರು ಒಬ್ಬ ಹಿರಿಯ ಹೆಂಗಸು, ಎಲ್ಲರೂ ಕರೆಯುವುದು ಗಡಿಯಾರದಮ್ಮ ಎಂದೇ. ಪೊರಕೆಯವರಷ್ಟೇ ಹಳಬರು. ದೂರದಲ್ಲಿ ಹಳದಿ ಬಟ್ಟೆ ಕಂಡಿತು, ಅವರ ಕೈಯೂ ಅಭ್ಯಾಸದ ಕೈಯೇ. ಬಂದದ್ದು ಲಾರಿಯೋ ಕಾರೋ ಎಂದು ಯಾರು ನೋಡುತ್ತಾರೆ? ಬೂದು ಕಾರು ಮೇಜಿನ ಮುಂದೆ ಬಂದು ನಿಲ್ಲುವಷ್ಟರಲ್ಲಿ ಗಡಿಯಾರ ನಿಂತಿತ್ತು, ಪೆಟ್ಟಿಗೆಗೆ ಮೊಹರು ಬಿದ್ದಿತ್ತು. ಅಕ್ಕ ಕಿಟಕಿಯಿಂದ ಕಾರ್ಡು ಚಾಚಿ, "ಮುದ್ರೆ ಒತ್ತಿ ಅಮ್ಮ" ಎಂದರು.

ಗಡಿಯಾರದಮ್ಮ ಕಾರ್ಡನ್ನು ನೋಡಿದರು, ಸ್ಟಿಯರಿಂಗ್ ಹಿಡಿದವರನ್ನು ನೋಡಿದರು, ಅವರ ಕೈಯಲ್ಲಿ ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಬಟ್ಟೆಯನ್ನು ನೋಡಿದರು. "ಅಯ್ಯೋ ಪೊರಕೆ, ಏನಪ್ಪ ಮಾಡ್ಬಿಟ್ಟೆ!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡರು.

"ನನ್ನ ಕೈ ನೋಡ್ಕೊಂಡೆ" ಎನ್ನುತ್ತಾರೆ ಪೊರಕೆಯವರು. "ನನ್ನದೇ ಕೈ. ಬೇರೆಯವ್ರ ಕೈ ಆಗಿದ್ರೆ ಬಾಯಿಗೆ ಬಂದಂಗೆ ಬೈಬಹುದಿತ್ತು."

ಮೊಹರು ಬಿದ್ದ ಪೆಟ್ಟಿಗೆಯನ್ನು ತೆರೆಯುವ ಹಾಗಿಲ್ಲ. ಹಿಂದಿನಿಂದ ಕೆಂಪು ಕಾರು ಬಂತು, ಅದರ ಹಿಂದೆ ಇನ್ನೆರಡು. ಯಾರಿಗೂ ಮುದ್ರೆ ಇಲ್ಲ. ಸಂಜೆ ಸಂಘದ ಅಧ್ಯಕ್ಷರ ಮುಂದೆ ಇತ್ಯರ್ಥ ಮಾಡಿಕೊಳ್ಳಿ ಎಂದು ಎಲ್ಲರನ್ನೂ ಮುಂದೆ ಕಳಿಸಿದರು. ಉಳಿದ ದಾರಿಯಲ್ಲಿ ಅಕ್ಕ ಒಂದು ತಿರುವನ್ನೂ ತಪ್ಪು ಹೇಳಲಿಲ್ಲ.

ಸಂಜೆ ಒಂದು ದೊಡ್ಡ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ನೀಲಿ ಬಿಲ್ಲೆಗಳ ಸಾಲು. ಮೇಜನ್ನು ಬೇಗ ಮುಚ್ಚಿದ್ದು ಯಾಕೆ ಎಂದು ಅಧ್ಯಕ್ಷರು ಕೇಳಿದರು. ಗಡಿಯಾರದಮ್ಮ ಎದ್ದು ನಿಂತು, "ನನ್ನದೇ ತಪ್ಪು, ಕಣ್ತಪ್ಪಿ ಹಂಗಾಯ್ತು" ಎಂದರು. ಹಳದಿ ಬಟ್ಟೆಯ ಸುದ್ದಿ ಎತ್ತಲಿಲ್ಲ. ಸಮಯಪಾಲಕರ ತಪ್ಪಾದರೆ ನಾಲ್ಕೂ ಕಾರುಗಳಿಗೆ ಮಾಫಿ, ನಾಲ್ಕಕ್ಕೂ ಬಿಲ್ಲೆ. ಆದರೆ ಇಂಥ ತಪ್ಪು ಮಾಡಿದವರಿಗೆ ಮುಂದಿನ ವರ್ಷದಿಂದ ಮೇಜು ಕೊಡುವುದಿಲ್ಲ ಎಂದರು ಅಧ್ಯಕ್ಷರು. ಗಡಿಯಾರದಮ್ಮ ತಲೆಯಾಡಿಸಿ ಕೂತರು. ಒಂಟಿ ಜೀವ ಅವರದು, ವರ್ಷವಿಡೀ ಈ ಒಂದು ದಿನದ ದಾರಿ ಕಾಯುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು.

ಬಾಯಿ ಮುಚ್ಚಿಕೊಂಡು ಕೂತರೆ ಸಾಕಿತ್ತು. ಬಿಲ್ಲೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಮುಂದಿನ ವರ್ಷ ಅದು ಅಕ್ಕನಿಗೆ ಕಾಣುವುದಿಲ್ಲ. ಇನ್ನೊಂದು ಅವಕಾಶ ಎನ್ನುವುದು ಇಲ್ಲವೇ ಇಲ್ಲ. ಪೊರಕೆಯವರು ಹೆಂಡತಿಯತ್ತ ತಿರುಗಿದರು.

"ಅವಳು ನನ್ನ ನೇರ ನೋಡ್ಲಿಲ್ಲ" ಎಂದು ನೆನೆಯುತ್ತಾರೆ. "ನೇರ ನೋಡಿದ್ರೆ ನಾನು ಕಾಣಲ್ಲ ಅವಳಿಗೆ. ಮುಖ ಪಕ್ಕಕ್ಕೆ ತಿರುಗಿಸಿ ನೋಡಿದ್ಲು. ನೋಡಿ, 'ಹೇಳಿ' ಅಂದ್ಲು. 'ಹೇಳ್ದೆ ತಗೊಂಡ್ರೆ ಆ ಬಿಲ್ಲೆ ನಂಗೆ ಕಾಣದಿದ್ರೂ ನಿಮಗೆ ದಿನಾ ಕಾಣುತ್ತೆ' ಅಂದ್ಲು."

ಅಕ್ಕ ತಾವೇ ಎದ್ದು, ಮೇಜಿನ ಅಂಚನ್ನು ಕೈಯಿಂದ ತಡವಿಕೊಂಡು, ಕಾರ್ಡನ್ನು ಅಧ್ಯಕ್ಷರ ಮುಂದಿಟ್ಟರು. ಪೊರಕೆಯವರು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಸ್ಪರ್ಧಿಯೇ ಮೇಜು ಮುಚ್ಚಿಸಿದರೆ ಆ ಕಾರು ಸ್ಪರ್ಧೆಯಿಂದ ಹೊರಗೆ, ನಿಯಮವಿರುವುದು ಹಾಗೆ. ಉಳಿದ ಮೂರು ಕಾರುಗಳಿಗೆ ಮಾಫಿ ಸಿಕ್ಕಿತು, ಗಡಿಯಾರದಮ್ಮನ ಮೇಜು ಉಳಿಯಿತು. ಕೆಂಪು ಕಾರಿನ ಮಗಳು ತಮ್ಮ ಬಿಲ್ಲೆಯನ್ನು ತಂದು ಅಕ್ಕನ ಕೈಗಿಟ್ಟಳು. ಅಕ್ಕ ಅದನ್ನು ಬೆರಳಿನಿಂದ ಸವರಿ ನೋಡಿ, "ಚೆನ್ನಾಗಿದೆ ಕಣಮ್ಮ, ನಿಮ್ಮ ಗಾಡಿಗೇ ಹಾಕು" ಎಂದು ವಾಪಸು ಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ ಪೊರಕೆಯವರು ಕಾರು ನಿಲ್ಲಿಸಿ ಅತ್ತರು. ಇದನ್ನು ಬರೆಯಬಹುದೇ ಎಂದು ಕೇಳಿದರೆ, "ಬರೀರಿ, ಅತ್ತಿದ್ದು ಅತ್ತಿದ್ದೇ" ಎನ್ನುತ್ತಾರೆ. ಅಕ್ಕ ಅವರ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರಂತೆ. ಸ್ವಲ್ಪ ಹೊತ್ತಾದ ಮೇಲೆ, "ಸಾಕು ನಡೀರಿ, ಹೊಟ್ಟೆ ಹಸೀತಿದೆ" ಎಂದರಂತೆ.

ಆಗಿನಿಂದ ಈಗಿನವರೆಗೆ ಕ್ಯಾಲೆಂಡರ್ ಹಾಳೆಯ ದಪ್ಪ ಅಕ್ಷರಗಳೂ ಅಕ್ಕನ ಕಣ್ಣಿನಿಂದ ಹೋಗಿವೆ. ಡಾಕ್ಟರು ಹೇಳಿದ್ದಕ್ಕಿಂತ ಬೇಗವೇ ಹೋದವು. ಬೂದು ಕಾರು ತಿಂಗಳಿಗೊಮ್ಮೆ ಆಕೆಯನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯುತ್ತದೆ, ಅದರ ಮುಂದೆ ಬಿಲ್ಲೆಯ ಜಾಗ ಖಾಲಿ. ಅಲ್ಲಿ ಬೇರೇನಾದರೂ ಅಂಟಿಸಿ ಎಂದರೆ ಪೊರಕೆಯವರು ಒಪ್ಪುವುದಿಲ್ಲ. ಈ ವರ್ಷದ ರ‍್ಯಾಲಿಗೆ ಸಂಘದವರು ಬಂದು, ಪೊರಕೆ ಗಾಡಿಗೆ ನೀವೇ ಆಗಬೇಕು ಎಂದು ಕೇಳಿದಾಗ ಅವರು ಒಂದು ಷರತ್ತು ಹಾಕಿದ್ದಾರೆ. ಗಾಡಿಯಲ್ಲಿ ಇಬ್ಬರು ಇರುತ್ತೇವೆ ಎಂದು.

"ಪೊರಕೆ ಗಾಡೀಲಿ ಪುಸ್ತಕ ಓದೋದಿರಲ್ಲ, ಗಡಿಯಾರ ನೋಡೋದಿರಲ್ಲ. ಮುಂದೆ ಹೋಗೋರು ಇರ್ತಾರೆ, ಅವ್ರ ಹಿಂದೆ ಹೋಗೋದು ಅಷ್ಟೆ" ಎನ್ನುತ್ತಾರೆ. "ಮೂವತ್ತು ವರ್ಷ ಅವಳ ಜಾಗದಲ್ಲಿ ಪೆಟ್ಟಿಗೆ ಕೂರಿಸಿದ್ದೆ ನೋಡಿ. ಯಾಕೆ ಹೊಳೀಲಿಲ್ವೋ."

ಕಟ್ ಎಂದು ಶಬ್ದವಾಗುತ್ತದೆ. ಬೋಲ್ಟು ಕೊನೆಗೂ ಜಗ್ಗಿದೆ. "ಬಂದ್ಯಾ, ಬಾ ಬಾ!" ಎಂದು ಲಾರಿಯೊಳಗಿನಿಂದ ಸಂಭ್ರಮದ ಕೂಗು. ಇಬ್ಬರ ಕೈ ಬೇಕಾಗುವ ಪೆಟ್ಟಿಗೆಯನ್ನು ಅವರೊಬ್ಬರೇ ಸೊಂಟದ ನೋವು ಲೆಕ್ಕಿಸದೆ ಇಳಿಸುತ್ತಾರೆ. ಅದರಡಿಯ ನೆಲದಲ್ಲಿ ಚೌಕಾಕಾರದ ಹಳೇ ಬಣ್ಣ ಹೊಸದರ ಹಾಗೆ ಹೊಳೆಯುತ್ತಿದೆ.

ಹೊರಗೆ ಈಗ ಪೂರ್ತಿ ಬೆಳಕಾಗಿದೆ. ಯಂತ್ರದ ಮುಂದೆ ಅಕ್ಕ ಹೊಸ ಸೀಟಿನ ಕವರು ಹೊಲಿಯುತ್ತಿದ್ದಾರೆ, ಕಣ್ಣು ಬೀದಿಯ ಕಡೆ, ಬೆರಳು ಬಟ್ಟೆಯ ಅಂಚಿನ ಮೇಲೆ. ಅಂಚಿಗೆ ಒಂದು ದಪ್ಪ ದಾರ ಹಾಕಿಕೊಂಡಿದ್ದಾರೆ. ಅದನ್ನು ಬೆರಳು ಬಿಡದಿದ್ದರೆ ಹೊಲಿಗೆ ನೇರ ಹೋಗುತ್ತದೆ. ಪಕ್ಕದಲ್ಲಿ ಒಗೆದು ಮಡಚಿಟ್ಟ ಹಳದಿ ಬಟ್ಟೆ ಇದೆ. ಅದು ಇಲ್ಲೇಕೆ ಎಂದು ಕೇಳಿದರೆ ಉತ್ತರ ಗಂಡನಿಂದ ಬರುತ್ತದೆ.

"ಇನ್ನು ಬೀಸೋ ಕೆಲಸ ಅವಳದು. ನನ್ನ ಕೈ ನಂಬೋ ಹಂಗಿಲ್ಲ. ಯಾವಾಗ ಅಂತ ನಾನು ಹೇಳ್ತೀನಿ, ಅವಳು ಬೀಸ್ತಾಳೆ."

ಅಕ್ಕ ಯಂತ್ರ ನಿಲ್ಲಿಸಿ, ಬಟ್ಟೆಯನ್ನು ಹುಡುಕಿ ಕೈಗೆತ್ತಿಕೊಂಡು, ಮಡಿಲಲ್ಲಿಟ್ಟು ಸರಿಮಾಡುತ್ತಾರೆ.

"ನಾನು ಬೀಸೋವರ್ಗೂ ಯಾರೂ ಗಡಿಯಾರ ನಿಲ್ಲಿಸೋ ಹಂಗಿಲ್ಲ" ಎನ್ನುತ್ತಾರೆ.